ಬೇಡ ಬೇಡ ಎನ್ನುವ ಮನೆಗೆ ನೆರವು ಒಯ್ಯುವುದು ಹೇಗೆ?

ನಿವೃತ್ತ ಅಂಚೆಯವ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಕೊನೆಯಲ್ಲಿದೆ. ಹಿನ್ನೆಲೆ ಹೇಳದೆ ಕೇಳಿದರೆ ತಿಳಿಯುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ನಾನು ಮೂವತ್ತನಾಲ್ಕು ವರ್ಷ ಅಂಚೆ ಬಟವಾಡೆ ಮಾಡಿದವನು. ಕೊನೆಯ ಹನ್ನೊಂದು ವರ್ಷ ನಾನು ವಾಸವಿರುವ ಬಡಾವಣೆಯೇ ನನ್ನ ಬೀಟ್ ಆಗಿತ್ತು. ಕಾಗದ ಹಂಚುವವನಿಗೆ ಒಂದು ಅಭ್ಯಾಸ ತಾನಾಗಿ ಅಂಟಿಕೊಳ್ಳುತ್ತದೆ: ಕರೆಗಂಟೆ ಒತ್ತಿದ ಮೇಲೆ ಬಾಗಿಲು ತೆರೆಯಲು ಎಷ್ಟು ಹೊತ್ತಾಯಿತೆಂದು ಮನಸ್ಸಿನಲ್ಲೇ ಎಣಿಸುವುದು. ಹತ್ತು ಎಣಿಸುವಷ್ಟರಲ್ಲಿ ತೆರೆಯುತ್ತಿದ್ದ ಬಾಗಿಲು ಮರುವರ್ಷ ನಲವತ್ತಕ್ಕೆ ಹೋಗುತ್ತದೆ. ಆಮೇಲೆ ಬಾಗಿಲು ತೆರೆಯುವುದೇ ಇಲ್ಲ, ಕಿಟಕಿಯಿಂದ ಕೈ ಬರುತ್ತದೆ. ಆ ಮನೆಯಲ್ಲಿ ಏನಾಗಿದೆ ಎಂದು ಅಕ್ಕಪಕ್ಕದವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಸಂಧ್ಯಾ ಸುರಕ್ಷಾ, ವಿಧವಾ ವೇತನ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಹಿಂದಿನ ಸಾಲಿನ ಸಣ್ಣ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಜಗಲಿಯಲ್ಲಿ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎರಡು ಸಲ ಎಣಿಸಿ ಕೊಟ್ಟು, ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದೆ. ಈಗ ಹಣ ನೇರ ಖಾತೆಗೆ ಹೋಗುತ್ತದೆ. ಒಳ್ಳೆಯದೇ. ಆದರೆ ತಿಂಗಳಿಗೊಮ್ಮೆ ಹೊಸಿಲು ದಾಟುತ್ತಿದ್ದ ಒಬ್ಬ ಮನುಷ್ಯ ಕಡಿಮೆಯಾದ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಇದೇ ಜನವರಿಯಲ್ಲಿ ನಾವು ಐವರು ಸೇರಿ ನಮ್ಮ ಅಡ್ಡರಸ್ತೆಗೆ ಒಂದು ಸಣ್ಣ ಬಳಗ ಕಟ್ಟಿಕೊಂಡೆವು. ಹೆಸರಿಲ್ಲ, ಬ್ಯಾನರಿಲ್ಲ. ಮೂವತ್ತೊಂದು ಮನೆಗಳಲ್ಲಿ ಹನ್ನೊಂದರಲ್ಲಿ ಎಪ್ಪತ್ತು ದಾಟಿದವರು ಮಾತ್ರ ಇದ್ದಾರೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಔಷಧಿ ತರುವುದು, ವಿದ್ಯುತ್ ಬಿಲ್ ಕಟ್ಟುವುದು, ಆಸ್ಪತ್ರೆಗೆ ಜೊತೆಯಾಗುವುದು, ನವೆಂಬರ್ ಬಂದರೆ ಜೀವನ ಪ್ರಮಾಣ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ ಮಾಡಿಸುವುದು, ಇಷ್ಟೇ. ಜೀವನ ಪ್ರಮಾಣವಂತೂ ನನಗೆ ನೀರು ಕುಡಿದ ಹಾಗೆ. ಎಪ್ಪತ್ತು ರೂಪಾಯಿ ಶುಲ್ಕಕ್ಕೆ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾನೆ ಎಂಬುದು ಅರ್ಧ ಬೀದಿಗೆ ಗೊತ್ತೇ ಇರಲಿಲ್ಲ, ವ್ಹೀಲ್‌ಚೇರಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದರು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಲವತ್ತಮೂರು ಜನರಿದ್ದಾರೆ. ಬೆಳಿಗ್ಗೆ ನಲವತ್ತಮೂರು ಗುಲಾಬಿಗಳು ಬರುತ್ತವೆ. ಕೆಲಸವಿದೆ ಎಂದರೆ ನಾಲ್ಕು ಜನ ಬರುತ್ತಾರೆ. ಇರಲಿ, ಅದು ನಿರೀಕ್ಷಿಸಿದ್ದೇ. ನನ್ನ ತಲೆನೋವು ಬೇರೆ.

ಮೊದಲನೆಯದು, ಹದಿನೇಳನೇ ನಂಬರಿನ ಮನೆ. ತಾಯಿಗೆ ಎಪ್ಪತ್ತೊಂಬತ್ತು. ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ತೀರಿಕೊಂಡು ಆರು ವರ್ಷ. ಮಗನಿಗೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಹುಡುಗ ಕಿಟಕಿಯಲ್ಲಿ ನಿಂತು ನನ್ನನ್ನು ಕಂಡಾಗಲೆಲ್ಲ "ಕಾಗದ ಬಂತಾ?" ಎಂದು ಕೇಳುತ್ತಾನೆ, ನಾನು ಕೆಲಸದಲ್ಲಿದ್ದಾಗಿನಿಂದಲೂ. ತಾಯಿಗೆ ಮೊಣಕಾಲು ಹೋಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ, ಆ ದಿನ ನಾವು ಮಗನನ್ನು ನೋಡಿಕೊಳ್ಳುತ್ತೇವೆ ಎಂದರೆ ಗೇಟಿನ ಚಿಲಕ ತೆಗೆಯುವುದೇ ಇಲ್ಲ. "ಬೇಡಪ್ಪ, ನಮ್ಮ ಕರ್ಮ ನಮಗೆ."

ಎರಡನೆಯದು, ಪಾರ್ಕಿನ್‌ಸನ್ ಇರುವ ಮೇಷ್ಟರ ಮನೆ. ಅವರ ಮಾತ್ರೆ ಗಂಟೆಯ ಲೆಕ್ಕದಲ್ಲಿ ಕೊಡಬೇಕು, ಅರ್ಧ ಗಂಟೆ ತಡವಾದರೆ ಮೈ ಮರವಾಗುತ್ತದೆ. ಅವರ ಶ್ರೀಮತಿಯವರು ಎರಡು ರಸ್ತೆ ಆಚೆಗಿನ ದೇವಸ್ಥಾನಕ್ಕೆ ಹೋಗಿ ಮೂರು ವರ್ಷವಾಯಿತಂತೆ. "ಏನಾದರೂ ಬೇಕಿದ್ದರೆ ಹೇಳಿ ಅಮ್ಮ" ಎಂದು ನಾವು ವಾರಕ್ಕೆರಡು ಸಲ ಹೇಳುತ್ತೇವೆ. "ಖಂಡಿತ ಹೇಳುತ್ತೇನೆ" ಎನ್ನುತ್ತಾರೆ. ಒಂದು ದಿನವೂ ಹೇಳಿಲ್ಲ.

ಮೂರನೆಯದು ಇದಕ್ಕೆ ತದ್ವಿರುದ್ಧ. ಒಬ್ಬಂಟಿ ಹಿರಿಯರೊಬ್ಬರು, ಆರೋಗ್ಯವಂತರು, ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ನಮ್ಮ ಬಳಗದ ಕಾಲೇಜು ಹುಡುಗ ತಂದುಕೊಟ್ಟ ಬದನೆಕಾಯಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಎರಡನ್ನು ವಾಪಸು ಕಳಿಸಿದರು. ಹುಡುಗ ಆಮೇಲೆ ಬಂದಿಲ್ಲ. ಇವರೇ ನಮ್ಮವರೊಬ್ಬರ ಕೈಗೆ ಎಟಿಎಂ ಕಾರ್ಡು, ಪಿನ್ ಎರಡನ್ನೂ ಕೊಟ್ಟು ಹಣ ತರಿಸಿಕೊಂಡರು. ತಿಂಗಳ ಕೊನೆಗೆ ಮೂರು ಸಾವಿರ ಕಡಿಮೆ ಎಂದರು. ಕೆಲಸದವಳಿಗೆ ಮುಂಗಡ ಕೊಟ್ಟು ಮರೆತಿದ್ದರು ಎಂದು ಹತ್ತು ದಿನದ ಮೇಲೆ ತಿಳಿಯಿತು. ಆ ಹತ್ತು ದಿನ ನಮ್ಮವರು ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದರು.

ಈಗ ಪ್ರಶ್ನೆ. ಬೇಕಾದವರು ಬೇಡ ಎನ್ನುತ್ತಾರೆ, ಅಷ್ಟಾಗಿ ಬೇಡದವರು ಬಿಡುವುದಿಲ್ಲ. ಮೊದಲನೆಯವರ ಮನೆಯೊಳಗೆ ಹೋಗುವುದು ಹೇಗೆ? ಇಂಥ ಕೆಲಸ ಮಾಡಿದವರು, ಅದಕ್ಕಿಂತ ಹೆಚ್ಚಾಗಿ, ಇಂಥ ಸಹಾಯವನ್ನು ಬೇಡ ಎಂದವರು ಯಾರಾದರೂ ಇದ್ದರೆ ಹೇಳಿ.

ಸಾಧನಕೇರಿ ಅಕ್ಕ, ಧಾರವಾಡ

ರಾಯರೇ, ನಾನು ಬೇಡ ಎಂದವಳು. ಹೇಳುತ್ತೇನೆ ಕೇಳಿ.

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಐದನೇ ವರ್ಷ. ಎಡಭಾಗ ಪೂರ್ತಿ ಹೋಗಿದೆ. ಮೊದಲ ವರ್ಷ ಓಣಿಯವರೆಲ್ಲ ಬಂದು "ಏನಾದರೂ ಬೇಕಾದರೆ ಹೇಳಿರಿ" ಎಂದರು. ಒಬ್ಬರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳುವುದು? ನನಗೆ ಬೇಕಾಗಿದ್ದದ್ದು ಎರಡು ತಾಸು ನಿದ್ದೆ. ಅದನ್ನು ಯಾರ ಹತ್ತಿರ ಕೇಳುತ್ತಾರೆ? ಉಪ್ಪು, ಸಕ್ಕರೆ ಕೇಳಬಹುದು, ನಿದ್ದೆ ಕೇಳಲು ಬಾಯಿ ಬರುವುದಿಲ್ಲ. "ಹೇಳಿರಿ" ಎಂದವರು ಕೆಲಸವನ್ನು ನನ್ನ ತಲೆಗೇ ಹೊರಿಸಿ ಹೋಗುತ್ತಿದ್ದರು: ಏನು ಕೇಳಬೇಕೆಂದು ಯೋಚಿಸುವುದು ನಾನೇ, ಯಾರನ್ನು ಕೇಳಬೇಕೆಂದು ಆರಿಸುವುದು ನಾನೇ, ಕೇಳಿ ಸಣ್ಣವಳಾಗುವುದೂ ನಾನೇ.

ಇನ್ನೊಂದು ಮಾತು, ಗಂಡಸರಿಗೆ ತಿಳಿಯುವುದಿಲ್ಲ. ಪಡಸಾಲೆಯಲ್ಲಿ ಕಮೋಡ್ ಕುರ್ಚಿ ಇದೆ. ಬೆಳಿಗ್ಗೆ ಬದಲಿಸಿದ ಹಾಸಿಗೆಯ ಬಟ್ಟೆ ಇನ್ನೂ ಒಣಗಿಲ್ಲ. ಮನೆ ವಾಸನೆ ಬರುತ್ತದೆ, ನನಗೆ ಬರುವುದಿಲ್ಲ, ಬಂದವರಿಗೆ ಬರುತ್ತದೆ, ಅವರ ಮುಖ ನೋಡಿದರೆ ತಿಳಿಯುತ್ತದೆ. ಬಂದವರಿಗೆ ಚಹಾ ಮಾಡಬೇಕು. ಚಹಾ ಮಾಡಲು ಹೋದರೆ ಇವರು ಕರೆಯುತ್ತಾರೆ. ಸಹಾಯಕ್ಕೆ ಬಂದವರು ಹೋದ ಮೇಲೆ ನಾನು ಇನ್ನಷ್ಟು ದಣಿದಿರುತ್ತಿದ್ದೆ. ಆದ್ದರಿಂದ ಬೇಡ ಎಂದೆ.

ಎಲ್ಲಕ್ಕಿಂತ ದೊಡ್ಡದು ಹಂಗು. ಯಾರ ಹಂಗಿನಲ್ಲೂ ಇರಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ತೀರಿಸಲಾಗದ ಉಪಕಾರವನ್ನು ತೆಗೆದುಕೊಳ್ಳುವುದು ಸಾಲ ಮಾಡಿದ್ದಕ್ಕಿಂತ ಕಷ್ಟ. ನಿಮ್ಮ ಹದಿನೇಳನೇ ನಂಬರಿನ ತಾಯಿ ಚಿಲಕ ತೆಗೆಯದಿದ್ದರೆ ಅದಕ್ಕೆ ಸೊಕ್ಕು ಕಾರಣವಲ್ಲ.

ನನ್ನ ಬಾಗಿಲು ತೆರೆಸಿದವರು ಹಿಂದಿನ ಓಣಿಯ ಒಬ್ಬ ವಿಧವೆ. ಒಂದು ಗುರುವಾರ ಮಧ್ಯಾಹ್ನ ಹತ್ತಿಯ ಗಂಟು, ಫ್ಲಾಸ್ಕ್ ಹಿಡಿದುಕೊಂಡು ಬಂದರು. "ದೇವಸ್ಥಾನಕ್ಕೆ ಲಕ್ಷ ಬತ್ತಿ ಹೊಸೆಯಲಿಕ್ಕೆ ಒಪ್ಪಿಕೊಂಡಿದ್ದೇನೆ. ಒಬ್ಬಳೇ ಕೂತರೆ ಬೇಸರ. ಇಲ್ಲಿ ಕೂತು ಮಾಡಲೇ? ಚಹಾ ನನ್ನದೇ ಇದೆ." ಇವರ ಹಾಸಿಗೆಯ ಪಕ್ಕ ಕೂತು ಬತ್ತಿ ಹೊಸೆಯತೊಡಗಿದರು. ನಾನು ಹೊರಗೆ ಎಲ್ಲಿಗೂ ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಬಿದ್ದುಕೊಂಡೆ. ಕಣ್ಣು ಬಿಟ್ಟಾಗ ಐದೂವರೆ. ಮುಂದಿನ ಗುರುವಾರವೂ ಬಂದರು, ಮೂರಕ್ಕೇ. ನಾಲ್ಕು ವರ್ಷವಾಯಿತು. ಆ ಲಕ್ಷ ಬತ್ತಿ ಇನ್ನೂ ಮುಗಿದಿಲ್ಲ!

ಕೆಲಸದ ಎರಡು ಮಾತು, ನಿಮ್ಮ ಹುಡುಗರಿಗೆ ಹೇಳಿರಿ. ಪಾರ್ಶ್ವವಾಯು ಆದವರನ್ನು ಎಬ್ಬಿಸುವಾಗ ಬಲವಿಲ್ಲದ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಮಲಗಿಸಿಕೊಂಡು ನೀರು ಕುಡಿಸಬಾರದು, ನೆಟ್ಟಗೆ ಕೂರಿಸಬೇಕು. ನುಂಗುವುದು ಕಷ್ಟವಿರುವವರಿಗೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣು. ರಾತ್ರಿಯೂ ಇದೇ ಲೆಕ್ಕ. ಹಾಗಾದರೆ ನೋಡಿಕೊಳ್ಳುವವಳು ಯಾವಾಗ ಮಲಗುತ್ತಾಳೆ ಎಂದು ನೀವೇ ಲೆಕ್ಕ ಹಾಕಿರಿ, ಅಂಚೆಯವರಿಗೆ ಎಣಿಕೆ ಚೆನ್ನಾಗಿ ಬರುತ್ತದೆಯಲ್ಲ.

ಗಾಲಿ ಗೆಳೆಯ, ಹುಬ್ಬಳ್ಳಿ

ಮೊದಲು ಜಗಳ, ಆಮೇಲೆ ಮಾಹಿತಿ.

ಸರ್, ಆ ತಾಯಿಗೆ ಎಪ್ಪತ್ತೊಂಬತ್ತು ಎಂದಿರಿ. ಹಾಗಿದ್ದರೆ ಆ "ಹುಡುಗ"ನಿಗೆ ಎಷ್ಟು ವಯಸ್ಸು? ಕಡಿಮೆ ಎಂದರೂ ನಲವತ್ತು ದಾಟಿರಬೇಕು. ಬದನೆಕಾಯಿ ತಂದ ಕಾಲೇಜಿನವನೂ ಹುಡುಗ, ಇವರೂ ಹುಡುಗ? ನಿಮ್ಮ ಇಡೀ ಪ್ರಶ್ನೆಯಲ್ಲಿ ತಾಯಿ ಏನು ಹೇಳಿದರು ಎಂದಿದೆ, ನೀವು ಏನು ಹೇಳಿದಿರಿ ಎಂದಿದೆ. ಅವರನ್ನು ಯಾರಾದರೂ ಏನಾದರೂ ಕೇಳಿದಿರಾ? ಅವರು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಲೇ ಇದ್ದಾರಲ್ಲ, ಅದಕ್ಕೆ ಏನು ಉತ್ತರ ಕೊಡುತ್ತೀರಿ? ನನಗೆ ಇಪ್ಪತ್ತಾರಕ್ಕೆ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಂತು. ಇಂದಿಗೂ ಹೋಟೆಲಿನಲ್ಲಿ ಮಾಣಿ ನನ್ನ ತಮ್ಮನನ್ನು ಕೇಳುತ್ತಾನೆ, "ಇವರಿಗೆ ಏನು ಕೊಡಲಿ?" ನನ್ನ ನಾಲಿಗೆಗೆ ಪೆಟ್ಟಾಗಿಲ್ಲ.

ಈಗ ಮಾಹಿತಿ. ನಾನು ಅಂಗವಿಕಲರ ನೆರವಿಗಿರುವ ನಗರ ಪುನರ್ವಸತಿ ಕಾರ್ಯಕರ್ತನಾಗಿ ಕೆಲವು ವರ್ಷ ಓಡಾಡಿದ್ದೇನೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ, ಇದನ್ನು ಓದುತ್ತಿರುವ ಹಳ್ಳಿಯವರು ಅವರನ್ನು ಹುಡುಕಿಕೊಳ್ಳಿ.

ಆ ತಾಯಿಯ ಎದೆಯಲ್ಲಿರುವುದು ಒಂದೇ ಪ್ರಶ್ನೆ, ನಾನು ಹೋದ ಮೇಲೆ ಇವನ ಗತಿ ಏನು ಎಂದು. ಅದನ್ನು ನಿಮ್ಮ "ಒಂದು ದಿನ ನೋಡಿಕೊಳ್ಳುತ್ತೇವೆ" ಮುಟ್ಟುವುದೇ ಇಲ್ಲ. ಅದನ್ನು ಮುಟ್ಟುವ ಕಾಗದಪತ್ರಗಳಿವೆ. ತಂದೆ ರೈಲ್ವೆಯವರು ಎಂದಿರಿ, ಇದು ದೊಡ್ಡ ಸುಳಿವು. ಅವರ ಕುಟುಂಬ ಪಿಂಚಣಿ ಈಗ ತಾಯಿಗೆ ಬರುತ್ತಿದೆ. ಅಂಗವೈಕಲ್ಯದಿಂದಾಗಿ ದುಡಿದು ಬದುಕಲಾಗದ ಮಗನಿಗೆ ತಾಯಿಯ ನಂತರ ಅದು ಜೀವನಪೂರ್ತಿ ಮುಂದುವರಿಯಬಹುದು, ವಯಸ್ಸಿನ ಮಿತಿ ಇಲ್ಲ. ತಾಯಿ ಇರುವಾಗಲೇ ಪಿಂಚಣಿ ಪಾವತಿ ಆದೇಶದಲ್ಲಿ ಮಗನ ಹೆಸರನ್ನು ಸೇರಿಸಿಡಬಹುದು. ತಾಯಿ ಹೋದ ಮೇಲೆ ಮಾಡಲು ಹೊರಟರೆ, ಯಾರು ಅರ್ಜಿ ಹಾಕಬೇಕು, ಯಾರು ಸಹಿ ಮಾಡಬೇಕು ಎಂಬಲ್ಲೇ ವರ್ಷಗಳು ಹೋಗುತ್ತವೆ. ನಾನು ಕಣ್ಣಾರೆ ಕಂಡಿದ್ದೇನೆ.

ಹದಿನೆಂಟು ತುಂಬಿದ ಮೇಲೆ ತಾಯಿತಂದೆ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಜಿಲ್ಲಾ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಇವೆಲ್ಲಕ್ಕೂ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆಯೇ ನೋಡಿ. ಹಳೆಯ ಕಾಗದದ ಪ್ರಮಾಣಪತ್ರ ಮಡಚಿ ಪೆಟ್ಟಿಗೆಯಲ್ಲಿಟ್ಟಿರುತ್ತಾರೆ, ಅದನ್ನು ಕಾರ್ಡಿಗೆ ಬದಲಿಸಿಕೊಡಲು ನೀವು ಹೋಗಿ ಬಂದರೆ ಅದು ಸಹಾಯ.

ನೀವು ಅಂಚೆಯವರು. ನಿಮ್ಮ ಕೈಯಲ್ಲಿ ಕಾಗದ ಇದ್ದರೆ ಆ ಗೇಟು ತೆರೆಯುತ್ತದೆ. ಖಾಲಿ ಕೈಯಲ್ಲಿ ಕರುಣೆ ಹಿಡಿದು ಹೋಗಿದ್ದೀರಿ, ಅದಕ್ಕೇ ತೆರೆದಿಲ್ಲ.

ಮುಳ್ಳೇರಿಯದಿಂದ

ಅಂಚೆಯಣ್ಣ, ಕಾಸರಗೋಡಿನ ನಮ್ಮ ಕಡೆ "ಪಾಲಿಯೇಟಿವ್‌ನವರು ಬಂದರು" ಎಂಬುದು ಈಗ ಹಾಲಿನವನು ಬಂದ ಎಂಬಷ್ಟೇ ಸಹಜವಾದ ಮಾತು. ಪಾಲಿಯೇಟಿವ್ ಎಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ. ನಾನು ಅದರಲ್ಲಿ ಏಳು ವರ್ಷದಿಂದ ಸ್ವಯಂಸೇವಕಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ನಿವಾರಣೆಯ ಒಂದು ಕ್ಲಿನಿಕ್ಕಿನಿಂದ ಇದು ಶುರುವಾಯಿತು. ಆಮೇಲೆ ಮಲಪ್ಪುರದಲ್ಲಿ ಊರಿನವರೇ ತರಬೇತಿ ಪಡೆದು ನೆರೆಮನೆಯ ರೋಗಿಗಳನ್ನು ನೋಡಿಕೊಳ್ಳುವ ಜಾಲವಾಯಿತು. 2008ರಲ್ಲಿ ಕೇರಳ ಸರಕಾರ ನೀತಿ ಮಾಡಿತು. ಈಗ ಪಂಚಾಯತಿನ ನರ್ಸ್ ವಾಹನದಲ್ಲಿ ಮನೆಗಳಿಗೆ ಹೋಗುತ್ತಾರೆ, ಜೊತೆಗೆ ನಮ್ಮಂಥವರು. ಕ್ಯಾನ್ಸರ್ ಮಾತ್ರ ಅಲ್ಲ, ಹಾಸಿಗೆ ಹಿಡಿದವರೆಲ್ಲ ಪಟ್ಟಿಯಲ್ಲಿದ್ದಾರೆ.

ನಾನು ಸೇರಿದ್ದು ಭಾಷೆಯ ದೆಸೆಯಿಂದ. ನರ್ಸ್ ಮಲಯಾಳದವರು. ಇಲ್ಲಿನ ಅಜ್ಜಿಯರಿಗೆ ತುಳು, ಕನ್ನಡ, ಹವ್ಯಕ ಬಿಟ್ಟರೆ ನೋವು ಹೇಳಿಕೊಳ್ಳಲು ಬರುವುದಿಲ್ಲ. "ಎದೆ ಉರಿಯುತ್ತದೆ" ಎಂಬುದಕ್ಕೂ "ಹೊಟ್ಟೆ ಉರಿಯುತ್ತದೆ" ಎಂಬುದಕ್ಕೂ ನಡುವೆ ಸೊಸೆ ಇದ್ದಾಳೆ ಎಂದು ನರ್ಸಿಗೆ ಯಾರು ವಿವರಿಸಬೇಕು?

ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲಿದ ಊರುಗಳು ನಮ್ಮವು. ಅಂದು ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಎತ್ತಿ ಸ್ನಾನ ಮಾಡಿಸುವ ತಾಯಂದಿರಿಗೆ ಅರವತ್ತು, ಎಪ್ಪತ್ತು. ಮಕ್ಕಳ ಭಾರ ಹೆಚ್ಚಿತು, ತಾಯಿಯ ಸೊಂಟ ಸೋತಿತು. 2017ರಲ್ಲಿ ಸುಪ್ರೀಂ ಕೋರ್ಟು ಐದು ಲಕ್ಷ ಪರಿಹಾರ ಕೊಡಲು ಹೇಳಿದ್ದು ಸರಿ, ಆದರೆ ಹುಬ್ಬಳ್ಳಿಯವರು ಬರೆದ ಆ ಪ್ರಶ್ನೆ ಪ್ರತಿ ಮನೆಯ ಬಾಗಿಲಲ್ಲೂ ನಿಂತಿದೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಇದೆ ಎಂದು ನಾವು ನಟಿಸುವುದೂ ಇಲ್ಲ.

ಕಲಿತದ್ದರಲ್ಲಿ ನಿಮಗೆ ಬೇಕಾದಷ್ಟು ಹೇಳುತ್ತೇನೆ. ಒಬ್ಬೊಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಒಬ್ಬರು ರೋಗಿಯ ಹತ್ತಿರ, ಇನ್ನೊಬ್ಬರು ಅಡುಗೆಮನೆಯಲ್ಲಿ. ನಿಜವಾದ ವರದಿ ಸಿಗುವುದು ಅಡುಗೆಮನೆಯಲ್ಲಿ. ಬರುತ್ತೇನೆ ಎಂದ ದಿನ ಬರಲೇಬೇಕು, ಬರಲಾಗದ ದಿನ ಬರುತ್ತೇನೆ ಎಂದು ಹೇಳಲೇಬಾರದು. ಔಷಧಿಯ ವಿಷಯದಲ್ಲಿ ಬಾಯಿ ಹಾಕಬಾರದು, ನಿಮ್ಮ ಭಾವನಿಗೆ ವಾಸಿಯಾದ ಕಷಾಯದ ಸುದ್ದಿ ಎತ್ತಲೇಬಾರದು. ಮೇಷ್ಟರ ಮನೆಗೆ ಹೋಗುವವರಿಗೆ ಒಂದು ಚೂರು: ಪಾರ್ಕಿನ್‌ಸನ್ ಇರುವವರ ಕಾಲು ಹೊಸಿಲ ಹತ್ತಿರ ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತದೆ. ತಳ್ಳಬೇಡಿ, ಬಿದ್ದುಬಿಡುತ್ತಾರೆ. "ಒಂದು, ಎರಡು" ಎಂದು ತಾಳ ಹಾಕಿ ಅಥವಾ ನೆಲದಲ್ಲಿ ಒಂದು ಗೆರೆ ತೋರಿಸಿ ಅದನ್ನು ದಾಟಲು ಹೇಳಿ. ಎಷ್ಟೋ ಸಲ ಕಾಲು ಬಿಟ್ಟುಕೊಳ್ಳುತ್ತದೆ.

ಹದಿನೇಳನೇ ನಂಬರಿನ ಅಮ್ಮನಿಗೆ "ನಾವು ನೋಡಿಕೊಳ್ಳುತ್ತೇವೆ" ಎನ್ನಬೇಡಿ. ನಲವತ್ತು ವರ್ಷ ನೋಡಿಕೊಂಡವರಿಗೆ ಅದು ಅವಮಾನದ ಹಾಗೆ ಕೇಳುತ್ತದೆ. "ಅವರಿಗೆ ಊಟ ಹೇಗೆ ಬಡಿಸಬೇಕು, ನಮಗೆ ಕಲಿಸುತ್ತೀರಾ?" ಎಂದು ಕೇಳಿ.

ಬಿ.ಕಾಂ. ಎರಡನೇ ವರ್ಷ, ತುಮಕೂರು

ನಾನು ಆ ಬದನೆಕಾಯಿ ಹುಡುಗನ ಪರವಾಗಿ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲೂ ಇಂಥದ್ದೊಂದು ಇತ್ತು. ನಾನು ಎಂಟು ತಿಂಗಳು ಇದ್ದು ಬಿಟ್ಟೆ. ಕೆಲಸ ಭಾರವಾಗಿರಲಿಲ್ಲ, ಆದರೆ ಅದಕ್ಕೆ ಅಂಚೇ ಇರಲಿಲ್ಲ. ರಾತ್ರಿ ಹತ್ತಕ್ಕೆ ಟಿ.ವಿ. ರಿಮೋಟ್ ಕೆಲಸ ಮಾಡುತ್ತಿಲ್ಲ ಎಂದು ಕರೆ. ಪರೀಕ್ಷೆಯ ಹಿಂದಿನ ದಿನ ನೆಂಟರನ್ನು ರೈಲು ನಿಲ್ದಾಣದಿಂದ ಕರೆತರಲು ಕರೆ. ಆಗುವುದಿಲ್ಲ ಎಂದರೆ "ಈಗಿನ ಕಾಲದ ಮಕ್ಕಳು" ಎಂದು ಶುರುವಾಗುತ್ತದೆ, ಅಪ್ಪ ಅಮ್ಮನ ಕಿವಿಗೂ ಬೀಳುತ್ತದೆ. ನೀವು ಏನೇನು ಮಾಡುತ್ತೀರಿ ಎಂದು ಬರೆದಿದ್ದೀರಿ. ಏನೇನು ಮಾಡುವುದಿಲ್ಲ ಎಂದು ಮೊದಲೇ ಬರೆದು, ದೊಡ್ಡವರಾದ ನೀವು ಮನೆ ಮನೆಗೆ ಹೋಗಿ ಹೇಳಿ. ನಮ್ಮ ಕೈಯಲ್ಲಿ ಹೇಳಿಸಬೇಡಿ. ಹಿರಿಯರು ಫೋನ್ ಮಾಡುವುದು ಒಂದೇ ನಂಬರಿಗೆ ಇರಲಿ, ನಮ್ಮ ನಂಬರ್ ಕೊಡಬೇಡಿ.

ಲೆಕ್ಕಿಗ, ಬೆಂಗಳೂರು

ಎಟಿಎಂ ವಿಷಯಕ್ಕೆ ಮಾತ್ರ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ಕಾರ್ಡು, ಪಿನ್, ಒಟಿಪಿ, ಸಹಿ ಮಾಡಿದ ಖಾಲಿ ಚೆಕ್ಕು ಈ ನಾಲ್ಕನ್ನು ಯಾವ ಸ್ವಯಂಸೇವಕನೂ ಮುಟ್ಟಬಾರದು, ಹಿರಿಯರು ಕೈಮುಗಿದರೂ ಮುಟ್ಟಬಾರದು. ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಮನೆಬಾಗಿಲಿಗೇ ನಗದು ತಲುಪಿಸುವ ವ್ಯವಸ್ಥೆ ಮಾಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗೆ ಹೋಗಿ ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಹೋಗುತ್ತದೆ. ಮಕ್ಕಳಿಂದ ಹಿಂಸೆ, ಆಸ್ತಿ ಬರೆಸಿಕೊಂಡು ಹೊರಹಾಕಿದ್ದು ಇಂಥದ್ದೇನಾದರೂ ಕಣ್ಣಿಗೆ ಬಿದ್ದರೆ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. ಹಿರಿಯರ ಸಹಾಯವಾಣಿ 14567 ಇದೆ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು.

ಹಣ ಕೊಟ್ಟು ತೆಗೆದುಕೊಂಡದ್ದೆಲ್ಲ ಪುಸ್ತಕದಲ್ಲಿ ಬರೆದು ಇಬ್ಬರ ಸಹಿ ಹಾಕಿಸಿ. ಮನಿಯಾರ್ಡರ್ ಕೊಟ್ಟ ಕೈಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನಿವೃತ್ತ ಅಂಚೆಯವ, ಮೈಸೂರು

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಒಂದೊಂದು ಸಾಲಿನ ಉತ್ತರ ಕೊಡುವ ಬದಲು ಏನಾಯಿತೆಂದು ಹೇಳುತ್ತೇನೆ.

ಹುಬ್ಬಳ್ಳಿಯವರ ಜಗಳ ನನಗೆ ಎರಡು ರಾತ್ರಿ ನಿದ್ದೆ ಕೆಡಿಸಿತು. ಹದಿನೇಳನೇ ನಂಬರಿನ ಮನೆಯ ಮಗನಿಗೆ ನಲವತ್ತಾರು. ಅವರು "ಕಾಗದ ಬಂತಾ?" ಎಂದಾಗ ನಾನು ಹನ್ನೊಂದು ವರ್ಷವೂ "ನಾಳೆ ಬರುತ್ತದೆ" ಎಂದು ನಗುತ್ತಾ ಸೈಕಲ್ ತುಳಿದವನು. ಲಕ್ಷಾಂತರ ಕಾಗದ ಹಂಚಿದ್ದೇನೆ, ಒಂದೂ ಅವರ ಹೆಸರಿಗೆ ಇರಲಿಲ್ಲ.

ಐವತ್ತು ಪೈಸೆಯ ಕಾರ್ಡು ತಂದೆ. ಅವರ ಹೆಸರಿನ ಹಿಂದೆ ಶ್ರೀ ಸೇರಿಸಿ, ಮನೆ ನಂಬರು, ಪಿನ್‌ಕೋಡ್ ಸಹಿತ ದಪ್ಪಕ್ಷರದಲ್ಲಿ ಬರೆದೆ. "ನಮಸ್ಕಾರ. ನಾನು ಅಂಚೆಯವನು. ಮಂಗಳವಾರ ನಾಲ್ಕು ಗಂಟೆಗೆ ನಿಮ್ಮನ್ನು ನೋಡಲು ಬರಬಹುದೇ?" ಡಬ್ಬಿಗೆ ಹಾಕಿದೆ. ಒಂದು ರಸ್ತೆ ದಾಟಲು ಅದಕ್ಕೆ ಮೂರು ದಿನ ಬೇಕಾಯಿತು. ನನ್ನ ಇಲಾಖೆ, ನಾನೇನೂ ಹೇಳುವುದಿಲ್ಲ.

ಮಂಗಳವಾರ ಹೋದೆ. ಗೇಟಿನ ಚಿಲಕ ತೆಗೆದವರು ಅವರೇ. ಕಾರ್ಡು ಅಂಗಿಯ ಜೇಬಿನಲ್ಲಿತ್ತು, ಅಂಚು ಆಗಲೇ ಮೆತ್ತಗಾಗಿತ್ತು. ತಾಯಿ ಬಾಗಿಲಲ್ಲಿ ನಿಂತಿದ್ದರು, ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ವರಾಂಡದಲ್ಲಿ ಕೂತೆವು. ಅವರು ಕಾರ್ಡನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಮತ್ತೆ ಓದಿಸಿದರು. ಆರು ಸಲ.

ಎರಡನೇ ಮಂಗಳವಾರ ಪಿಂಚಣಿ ಆದೇಶದಲ್ಲಿ ಹೆಸರು ಸೇರಿಸುವ ವಿಷಯ ತಾಯಿಗೆ ಹೇಳಿದೆ. ಏನೂ ಮಾತಾಡದೆ ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದರು. 1990ರ ಒಂದು ವೈದ್ಯಕೀಯ ಪ್ರಮಾಣಪತ್ರ, ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗಿದೆ. ಯುಡಿಐಡಿ ಇಲ್ಲ. ಅರ್ಜಿ ಹಾಕಿದ್ದೇವೆ, ಆಸ್ಪತ್ರೆಯಲ್ಲಿ ತಪಾಸಣೆಯ ದಿನ ಗೊತ್ತಾಗಬೇಕು. ಕಣ್ಣಿನ ಶಸ್ತ್ರಚಿಕಿತ್ಸೆಯ ಮಾತನ್ನು ನಾನು ಎತ್ತಿಲ್ಲ. ಮುಳ್ಳೇರಿಯದ ಅಕ್ಕ ಹೇಳಿದ ಹಾಗೆ ಊಟ ಬಡಿಸುವುದು ಹೇಗೆಂದು ಕೇಳಿದೆ. "ಸಾರು ಅನ್ನ ಬೇರೆ ಬೇರೆ ಇರಬೇಕು, ತಾಗಿದರೆ ತಟ್ಟೆ ಎಸೆಯುತ್ತಾನೆ" ಎಂದರು. ಅಷ್ಟೇ. ಒಳಗೆ ಇನ್ನೂ ಕರೆದಿಲ್ಲ.

ಮೇಷ್ಟರ ಮನೆಗೆ ನನ್ನ ಹೆಂಡತಿ ಹತ್ತಿ ಹಿಡಿದು ಹೋದಳು, ಧಾರವಾಡದ ಅಕ್ಕನವರ ಉಪಾಯವನ್ನು ಹಾಗೆಯೇ ಕದ್ದು. ಮೇಷ್ಟರ ಶ್ರೀಮತಿಯವರು ಹತ್ತು ನಿಮಿಷ ನೋಡಿ ಕೇಳಿದರಂತೆ, "ನಿಮಗೆ ಬತ್ತಿ ಹೊಸೆಯಲು ಬರುವುದೇ ಇಲ್ಲವಲ್ಲ, ಯಾರು ಕಳಿಸಿದರು?" ಇವಳು ನಿಜ ಹೇಳಿಬಿಟ್ಟಳು. ಅವರು ನಕ್ಕು, ಪಕ್ಕದಲ್ಲಿ ಕೂತು, ಬೂದಿ ಮುಟ್ಟಿಸಿಕೊಂಡು ಎಳೆಯುವುದು ಹೇಗೆಂದು ತೋರಿಸಿಕೊಟ್ಟರು. ಈಗ ಶುಕ್ರವಾರ ನಾಲ್ಕರಿಂದ ಆರು ಇವಳು ಅಲ್ಲಿ ಕಲಿಯುತ್ತಾಳೆ, ಅವರು ದೇವಸ್ಥಾನಕ್ಕೆ ಹೋಗಿ ಬರುತ್ತಾರೆ. ಐದು ಗಂಟೆಯ ಮಾತ್ರೆಗೆ ಮೇಷ್ಟರೇ ಅಲಾರಂ ಇಟ್ಟುಕೊಂಡಿದ್ದಾರೆ. ಹೊಸಿಲ ಬಳಿ ಸುಣ್ಣದ ಗೆರೆ ಎಳೆದಿದ್ದೇವೆ. ಆ ಗೆರೆ ಅವರನ್ನು ಹತ್ತರಲ್ಲಿ ಏಳು ಸಲ ದಾಟಿಸುತ್ತದೆ. ಉಳಿದ ಮೂರು ಸಲ "ಲೆಫ್ಟ್ ರೈಟ್" ಎಂದು ಎನ್‌ಸಿಸಿ ಕಾಲದ ದನಿಯಲ್ಲಿ ತಮಗೆ ತಾವೇ ಗದರಿಸಿಕೊಳ್ಳುತ್ತಾರೆ.

ಬದನೆಕಾಯಿಯವರ ಮನೆಗೆ ನಾನೇ ಹೋಗಿ, ಏನೇನು ಮಾಡುವುದಿಲ್ಲ ಎಂದು ಓದಿ ಹೇಳಿದೆ: ಸಂಜೆ ಏಳರ ನಂತರ ಬರುವುದಿಲ್ಲ, ಕಾರ್ಡು ಮುಟ್ಟುವುದಿಲ್ಲ, ತಂದ ತರಕಾರಿ ವಾಪಸು ಒಯ್ಯುವುದಿಲ್ಲ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ನಡೆಯಲು ಹೋಗುವಾಗ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಚುರುಕಾಗಿಯೇ ದಾಟುತ್ತಾರೆ, ಅದು ಒಂದು ಸಮಾಧಾನ. ಹುಡುಗನ ಮನೆಗೆ ಹೋಗಿ ಅವನ ಕ್ಷಮೆ ಕೇಳಿದೆ. ಪರೀಕ್ಷೆ ಮುಗಿಯಲಿ, ನೋಡೋಣ ಎಂದಿದ್ದಾನೆ.

ಹುಬ್ಬಳ್ಳಿಯವರಿಗೆ ಒಂದು ಮಾತು ಕೇಳುವುದಿದೆ. ತಪಾಸಣೆಯ ದಿನ ವೈದ್ಯರ ಮುಂದೆ ಅವರ ಜೊತೆ ಯಾರು ಇದ್ದರೆ ಒಳ್ಳೆಯದು, ತಾಯಿಯೋ, ನಾನೋ? ಅವರನ್ನು ಕೇಳಿದೆ. "ಅಂಚೆಯವರು" ಎಂದರು. ತಾಯಿ ಆಚೆ ಮುಖ ತಿರುಗಿಸಿಕೊಂಡರು. ಅದು ಬೇಸರವೋ ಬೇರೇನೋ ನನಗೆ ತಿಳಿಯಲಿಲ್ಲ. ನಾಳೆ ಮತ್ತೆ ಮಂಗಳವಾರ. ಎರಡನೇ ಕಾರ್ಡು ಹಾಕಿದ್ದೇನೆ, ಈ ಸಲ ತಾಯಿಯ ಹೆಸರಿಗೆ.